ಇವತ್ತಿಗೆ ಸಾಕು, ನಾಳೆ ಬಾ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮೂರ ಬಸ್ ನಿಲ್ದಾಣದ ಹಿಂದೆ ಒಂದು ಸೈಬರ್ ಸೆಂಟರ್ ಇತ್ತು. ಗಂಟೆಗೆ 15 ರೂಪಾಯಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ನಾವು ನಾಲ್ಕು ಹುಡುಗರು ಚಿಲ್ಲರೆ ಕೂಡಿಸಿಕೊಂಡು ಒಂದೇ ಕಂಪ್ಯೂಟರಿಗೆ ಮುತ್ತಿಗೆ ಹಾಕುತ್ತಿದ್ದೆವು. ಆಟದ ಹೆಸರು ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್. 2004ರಲ್ಲಿ ಪ್ಲೇಸ್ಟೇಷನ್ 2ಕ್ಕೆ, ಮರುವರ್ಷ ಕಂಪ್ಯೂಟರಿಗೆ ಬಂದ ಆಟ. ಹೊಡೆದಾಟ ಬಡಿದಾಟದ ಆಟ ಅದು, ದೊಡ್ಡವರಿಗೆಂದೇ ಮಾಡಿದ್ದು. ಆ ವಯಸ್ಸಿನಲ್ಲಿ ನಮ್ಮ ಕೈಗೆ ಸಿಗಬಾರದಿತ್ತು ಅಂತಲೇ ಇವತ್ತಿಗೂ ಹೇಳುತ್ತೇನೆ. ಆದರೆ ಅದರೊಳಗೊಂದು ಜಿಮ್ ಇತ್ತು. ಇವತ್ತು ನಾನು ಮಾತಾಡಲು ಬಂದಿರುವುದು ಆ ಜಿಮ್ಮಿನ ಬಗ್ಗೆ.

ಕಥಾನಾಯಕ ಕಾರ್ಲ್ ಜಾನ್ಸನ್. ನಮಗೆಲ್ಲ ಸಿಜೆ. 1992ರಲ್ಲಿ ನಡೆಯುವ ಕಥೆ. ಅವನ ಊರು ಲಾಸ್ ಏಂಜಲೀಸನ್ನು ಹೋಲುವ ಲಾಸ್ ಸ್ಯಾಂಟೋಸ್. ಅವನ ಮನೆಯ ಹತ್ತಿರವೇ ಜಿಮ್. ಬೆಂಚಿನ ಮೇಲೆ ಮಲಗಿಸಿ, ಎಷ್ಟು ಭಾರ ಅಂತ ಆರಿಸಿ, ಕೀಲಿಯನ್ನು ಪಟಪಟ ಒತ್ತುತ್ತಿದ್ದರೆ ರಾಡು ನಡುಗುತ್ತಾ ಮೇಲೇಳುತ್ತದೆ. ಒತ್ತುವುದು ಸ್ವಲ್ಪ ನಿಧಾನವಾದರೂ ಎದೆಯ ಮೇಲೆ ಕುಸಿಯುತ್ತದೆ. ಒಬ್ಬನ ಬೆರಳು ಸೋತರೆ ಇನ್ನೊಬ್ಬ ಕೈ ಹಾಕುತ್ತಿದ್ದ. ಪರದೆಯ ಮೇಲೆ ಸ್ನಾಯುವಿನ ಪಟ್ಟಿ ಕೂದಲೆಳೆಯಷ್ಟು ಮುಂದೆ ಸರಿದರೆ ನಮಗೆ ಹಬ್ಬ. ಹೀಗೆ ನಡೆಯುತ್ತಿರುವಾಗಲೇ ಒಂದು ಸಾಲು ಬರುತ್ತಿತ್ತು: ಇವತ್ತಿಗೆ ಸಾಕು, ನಾಳೆ ಬಾ ಎನ್ನುವ ಅರ್ಥದ್ದು. ಅಲ್ಲಿಗೆ ಮುಗಿಯಿತು. ಎಷ್ಟು ಒತ್ತಿದರೂ ಸಿಜೆ ಭಾರ ಮುಟ್ಟುವುದಿಲ್ಲ.

ನಮಗೆ ಸಿಟ್ಟು ಬರುತ್ತಿತ್ತು. ದುಡ್ಡು ಕೊಟ್ಟು ಕೂತವರು ನಾವು, ಬೇಡ ಅನ್ನಲು ಇದ್ಯಾರು?

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೇ ಜಿಮ್ಮಿಗೆ ಸೇರಿದೆ. ಅಲ್ಲಿ ಸಾಕು ಅನ್ನುವವರಿರಲಿಲ್ಲ. ವಾರಕ್ಕೆ ಆರು ದಿನ ಎದೆಯ ವ್ಯಾಯಾಮ, ಅದೂ ಪ್ರತಿದಿನ ನಿನ್ನೆಗಿಂತ ಹೆಚ್ಚು ಭಾರ. ಐದನೇ ವಾರ ಬಲ ಭುಜ ಕೈಕೊಟ್ಟಿತು. ಅಂಗಿ ತೊಡಲು ತೋಳು ಮೇಲೆತ್ತಲಾಗದೆ ಅಮ್ಮನನ್ನು ಕರೆದಿದ್ದೇನೆ. ಚಿಕಿತ್ಸೆ ಕೊಟ್ಟ ಫಿಸಿಯೋಥೆರಪಿಸ್ಟ್ ಅರ್ಥ ಮಾಡಿಸಿದ್ದು ಇಷ್ಟು: ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ, ದಣಿಯುತ್ತದೆ. ಆಮೇಲೆ ಒಂದೆರಡು ದಿನ, ನಾವು ಉಂಡು ಮಲಗಿರುವಾಗ, ದೇಹ ಹೊಸ ಪ್ರೋಟೀನ್ ಕೂಡಿಸಿ ಅದನ್ನು ಕಟ್ಟುತ್ತದೆ. ಕಟ್ಟುವ ಮೊದಲೇ ಮತ್ತೆ ಹೊರೆ ಹಾಕಿದರೆ ಕೆಲಸ ಕೆಡುತ್ತದೆ. ಅದನ್ನು ಕೇಳುತ್ತಾ ಕೂತಾಗ ನನಗೆ ನೆನಪಾದದ್ದು ಆ ಸೈಬರ್ ಸೆಂಟರಿನ ಪರದೆ.

ಊಟದ ವಿಷಯದಲ್ಲೂ ಆ ಆಟ ಖಡಾಖಂಡಿತ. ಪಿಜ್ಜಾ ಅಂಗಡಿಗೆ ಪದೇಪದೇ ಕರೆದೊಯ್ದರೆ ಸಿಜೆಗೆ ಹೊಟ್ಟೆ ಬರುತ್ತದೆ. ಉಪವಾಸ ಕೆಡವಿದರೆ ಮೊದಲು ಕೊಬ್ಬು ಕರಗುತ್ತದೆ, ಆಮೇಲೆ ಕಷ್ಟಪಟ್ಟು ಬೆಳೆಸಿದ ಸ್ನಾಯುವೂ ಹೋಗುತ್ತದೆ. ತೂಕ ಇಳಿಸಬೇಕೆಂದು ಬರೀ ಕಾಫಿಯಲ್ಲಿ ದಿನ ತಳ್ಳುವ ಹುಡುಗ ಹುಡುಗಿಯರನ್ನು ಕಂಡಾಗ ಇದನ್ನೇ ಹೇಳುತ್ತೇನೆ. ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇನ್ನೂ ಸ್ವಲ್ಪ ಹೆಚ್ಚು. ದುಬಾರಿ ಡಬ್ಬಿಯ ಪುಡಿಯೇ ಆಗಬೇಕೆಂದಿಲ್ಲ. ಗಟ್ಟಿ ಬೇಳೆ, ಮೊಳಕೆಕಾಳು, ಮೊಸರು, ಕಡಲೆಕಾಯಿ, ತಿನ್ನುವವರಿಗೆ ಮೊಟ್ಟೆ, ಮೀನು. ತಟ್ಟೆಯಲ್ಲಿ ಅನ್ನದ ಗುಡ್ಡೆ ತುಸು ಕರಗಿ, ಕಾಳಿನ ಪಲ್ಯ ತುಸು ಬೆಳೆಯಲಿ.

ಇನ್ನೊಂದು ಮಾತು. ನೀರಲ್ಲಿ ಮುಳುಗಿದಷ್ಟೂ ಸಿಜೆಯ ಉಸಿರು ಹಿಡಿಯುವ ಶಕ್ತಿ ಬೆಳೆಯುತ್ತಿತ್ತು, ಸೈಕಲ್ ತುಳಿದಷ್ಟೂ ಸೈಕಲ್ ಕೈವಶವಾಗುತ್ತಿತ್ತು. ನಿಜದಲ್ಲೂ ಹಾಗೇ. ಮೆಟ್ಟಿಲು ಹತ್ತುವಾಗ ಏದುಸಿರು ಬರುವವರು ತೋಳು ದಪ್ಪ ಮಾಡಿಕೊಂಡರೆ ಏನು ಬಂತು?

ಆಟ ದಾರಿ ತಪ್ಪಿಸುವುದು ಕಾಲದ ಲೆಕ್ಕದಲ್ಲಿ. ಅಲ್ಲಿ ಒಂದು ದಿನವೆಂದರೆ ನಮ್ಮ 24 ನಿಮಿಷ. ಒಂದು ಶನಿವಾರದ ಮಧ್ಯಾಹ್ನದಲ್ಲಿ ಸಿಜೆಯ ಎದೆ ಉಬ್ಬಿಬಿಡುತ್ತದೆ. ನಮ್ಮ ದೇಹದಲ್ಲಿ ಮೊದಲ ಕೆಲವು ವಾರ ಹೆಚ್ಚುವ ಶಕ್ತಿಯ ಬಹುಪಾಲು ನರಗಳು ಕಲಿತದ್ದು. ಇರುವ ಸ್ನಾಯುವನ್ನೇ ಇನ್ನೂ ಚೆನ್ನಾಗಿ ದುಡಿಸಿಕೊಳ್ಳಲು ಅವು ಕಲಿಯುತ್ತವೆ. ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಜನವರಿಯಲ್ಲಿ ಸೇರಿದವರು ಫೆಬ್ರವರಿಯಲ್ಲಿ ಬಿಟ್ಟುಹೋಗುವುದು ಈ ಘಟ್ಟದಲ್ಲೇ. ಒಳಗೆ ಕೆಲಸ ಶುರುವಾಗಿದೆ ಎಂದು ಅವರಿಗೆ ತೋರಿಸುವ ಪಟ್ಟಿಯೊಂದು ಇರಬಾರದಿತ್ತೇ ಅನ್ನಿಸಿ ನಿಜಕ್ಕೂ ಬೇಸರವಾಗುತ್ತದೆ.

ವಯಸ್ಕರೆಲ್ಲರೂ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಯಸ್ಸಾದವರೂ ಅದರಲ್ಲಿ ಸೇರಿದ್ದಾರೆ. ನಮ್ಮಮ್ಮನಿಗೀಗ ಅರವತ್ತೊಂದು. ಮಂಗಳವಾರ, ಶುಕ್ರವಾರ ಅಡುಗೆಮನೆಯ ಕುರ್ಚಿಯಿಂದ ಕೈ ಊರದೆ ಎದ್ದು ಕೂರುತ್ತಾರೆ. ಮೊದಲು ಐದು ಸಲ ಆಗುತ್ತಿತ್ತು, ಈಗ ಹನ್ನೆರಡು. ಜೊತೆಗೆ ಎರಡು ನೀರಿನ ಬಾಟಲಿ ಎತ್ತುತ್ತಾರೆ. ಕಳೆದ ವಾರ ಗ್ರೈಂಡರಿನ ಕಲ್ಲನ್ನು ನನ್ನನ್ನು ಕರೆಯದೆ ತಾವೇ ಎತ್ತಿ ತೊಳೆದಿಟ್ಟಿದ್ದರು. ಆ ಹುರುಪಿನಲ್ಲಿ ಮರುದಿನ ಬೆಳಿಗ್ಗೆಯೇ ಮತ್ತೆ ಕುರ್ಚಿ ಎಳೆದುಕೊಂಡರು. "ಇನ್ನೊಂದು ಹತ್ತು ಮಾಡ್ಲೇನೋ?" ಅಂತ ಕೇಳಿದರು.

"ಬೇಡಮ್ಮ, ಶುಕ್ರವಾರ" ಅಂದೆ.

ನಮಸ್ಕಾರ.