ಮೀನೂಟದ ನಡುವೆ ಮಂಗಳೂರು

ಕೇಳುಗರಿಗೆ ನಮಸ್ಕಾರ.

ಮಂಗಳೂರಿಗೆ ಹೋಗಿದ್ದೀರಾ ಅಂತ ಘಟ್ಟದ ಮೇಲಿನ ಯಾರನ್ನಾದರೂ ಕೇಳಿ. ಹೂಂ, ಹೋಗಿದ್ದೇವಲ್ಲ ಅನ್ನುತ್ತಾರೆ. ಏನು ನೋಡಿದಿರಿ ಅಂದರೆ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು. ಸರಿ, ಮಂಗಳೂರಲ್ಲಿ? ಬಸ್‌ಸ್ಟ್ಯಾಂಡ್ ನೋಡಿರುತ್ತಾರೆ. ಹೆಚ್ಚೆಂದರೆ ಒಂದು ಗಡ್‌ಬಡ್ ಐಸ್‌ಕ್ರೀಮ್ ತಿಂದಿರುತ್ತಾರೆ. ಈ ಊರಿಗೇ ಅಂತ ಒಂದು ಶನಿವಾರ, ಭಾನುವಾರ ಎತ್ತಿಡಿ ಅನ್ನುವುದು ಇವತ್ತು ನನ್ನ ಮಾತು. ಆದರೆ ನೋಡುವ ಜಾಗಗಳ ಪಟ್ಟಿ ಹಿಡಿದು ಹೋಗಬೇಡಿ. ಎಲ್ಲಿ, ಯಾವಾಗ ಉಣ್ಣುವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಊರು ನೋಡುವುದು ಊಟಗಳ ನಡುವೆ.

ಸಕಲೇಶಪುರ ದಾಟಿದ ಮೇಲೆ ಘಟ್ಟದ ರೈಲುದಾರಿಯಲ್ಲಿ 57 ಸುರಂಗಗಳಿವೆ. ಹಗಲಲ್ಲಿ ನೋಡಲು ಚೆಂದ, ಆದರೆ ದಿನವೇ ಹೋಗುತ್ತದೆ. ಎರಡೇ ದಿನ ಇರುವವರಿಗೆ ರಾತ್ರಿ ರೈಲೇ ಸರಿ.

ಬೆಳಿಗ್ಗೆ ಇಳಿದ ಕೂಡಲೇ ಬನ್ಸ್ ತಿನ್ನಿ. ಹೆಸರು ಕೇಳಿ ಬೇಕರಿ ಬನ್ ಅಂದುಕೊಳ್ಳಬೇಡಿ. ಬಾಳೆಹಣ್ಣು, ಮೊಸರು ಹಾಕಿ ಕಲಸಿದ ಮೈದಾ ಹಿಟ್ಟು, ಎಣ್ಣೆಯಲ್ಲಿ ಉಬ್ಬಿರುತ್ತದೆ. ಎರಡು ಸಾಕು, ಮಧ್ಯಾಹ್ನಕ್ಕೆ ಹೊಟ್ಟೆ ಖಾಲಿ ಇರಬೇಕು.

ಆಮೇಲೆ ಸಂತ ಅಲೋಶಿಯಸ್ ಚಾಪೆಲ್. ಹೊರಗಿನಿಂದ ಅಂಥ ವಿಶೇಷ ಏನೂ ಕಾಣಿಸುವುದಿಲ್ಲ. ಒಳಗೆ ಹೋದರೆ ಖಾಲಿ ಗೋಡೆ ಅಂತ ಒಂದು ಮೊಳವೂ ಸಿಗದು. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೆನಿ ಎಂಬ ಜೆಸ್ವಿಟ್ ಸಹೋದರ, ಅಂದರೆ ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿಗಳ ಸಂಘಕ್ಕೆ ಸೇರಿದವರು, 1900ರ ಆಸುಪಾಸಿನಲ್ಲಿ ಬಿಡಿಸಿದ ಚಿತ್ರಗಳು ಇವು. ಗೋಡೆಯ ಚಿತ್ರಗಳನ್ನು ಹಸಿ ಗಾರೆಯ ಮೇಲೆ ಬರೆದಿದ್ದಾರೆ. ಗಾರೆ ಒಣಗುವುದರೊಳಗೆ ಬಣ್ಣ ಬಿದ್ದಾಗಬೇಕು, ತಪ್ಪಿದರೆ ಕೆರೆದು ಮತ್ತೆ ಗಾರೆ ಬಳಿಯಬೇಕು. ಮಂಗಳೂರಿನ ಸೆಕೆಯಲ್ಲಿ ಅಟ್ಟಣಿಗೆ ಹತ್ತಿ ಈ ಕೆಲಸ ಮಾಡುವುದೆಂದರೆ ಸುಮ್ನೆ ಅಲ್ಲ. ಚಾವಣಿಯಲ್ಲಿ ಅಲೋಶಿಯಸ್‌ನ ಕಥೆ ಇದೆ. ಶ್ರೀಮಂತರ ಮನೆಯ ಹಿರಿಮಗ, ಆಸ್ತಿ ಬಿಟ್ಟು ಸನ್ಯಾಸಿಯಾದ. ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ 1591ರಲ್ಲಿ, 23ರ ಹರೆಯದಲ್ಲಿ ತೀರಿಕೊಂಡ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಒಳ್ಳೆಯದೇ ಆಯ್ತು, ಕಣ್ಣಲ್ಲೇ ನೋಡುತ್ತೀರಿ.

ಈಗ ಊಟ. ದೊಡ್ಡ ಹೋಟೆಲ್ ಬೇಡ, ಜನ ನಿಂತು ಕಾಯುತ್ತಿರುವ ಸಣ್ಣ ಮೀನೂಟದ ಜಾಗ ಹುಡುಕಿ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಪಲ್ಯ ಬಡಿಸುತ್ತಾರೆ. ಆಮೇಲೆ ಮಸಾಲೆ ಹಚ್ಚಿದ ಮೀನುಗಳನ್ನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ. ಬಂಗುಡೆ, ಅಂಜಲ್, ಕಾಣೆ. ರೇಟು ಮೊದಲೇ ಕೇಳಿ, ಅಂಜಲ್ ಜೇಬಿಗೆ ಜಾಸ್ತಿ ಭಾರ. ಮುಳ್ಳಿಗೆ ಹೆದರುವವರು ಕಾಣೆ ಹೇಳಿ. ರವೆ ಹಚ್ಚಿ ಹುರಿದ ಕಾಣೆಯ ನಡುಮುಳ್ಳು ಹಿಡಿದು ಮೆಲ್ಲಗೆ ಎತ್ತಿದರೆ ಬಿಳಿ ಮಾಂಸ ತಾನಾಗಿ ಬಿಟ್ಟುಕೊಳ್ಳುತ್ತದೆ. ಒಂದು ಮಾತು ನೆನಪಿರಲಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ, ಅದು ಮರಿ ಮಾಡುವ ಕಾಲ. ನಾಡದೋಣಿಯವರು ತಂದದ್ದು ಅಷ್ಟಿಷ್ಟು ಸಿಗುತ್ತದೆ, ಅದಕ್ಕೆ ಬೆಲೆಯೂ ಹಾಗೇ ಇರುತ್ತದೆ.

ಬಿಸಿಲು ಇಳಿದ ಮೇಲೆ ಸುಲ್ತಾನ್ ಬತ್ತೇರಿಗೆ ಹೋಗಿ. ಶತ್ರುಗಳ ಹಡಗು ನದಿಯೊಳಗೆ ನುಗ್ಗದಂತೆ 1784ರಲ್ಲಿ ಟಿಪ್ಪು ಕಟ್ಟಿಸಿದ ಬುರುಜು. ಅಲ್ಲಿಂದ ದೋಣಿ ಹತ್ತಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿ ಕಡಲತೀರ. ಎಲ್ಲರೂ ಪಣಂಬೂರಿಗೆ ಓಡುತ್ತಾರೆ, ನನಗೆ ಈ ದೋಣಿಯ ದಾರಿಯೇ ಇಷ್ಟ.

ಸಂಜೆಯ ವಿಷಯ ಬಾನುಲಿಯಲ್ಲಿ ಹೇಳಬಹುದೋ ಇಲ್ಲವೋ, ಹೇಳಿಬಿಡುತ್ತೇನೆ. ಊರಲ್ಲಿ ಈಗ ಪಬ್‌ಗಳಿವೆ, ಬಣ್ಣದ ದೀಪ, ಜೋರು ಹಾಡು. ಅದು ಬೆಂಗಳೂರಲ್ಲೂ ಸಿಗುತ್ತದೆ, ಅಲ್ವಾ? ಇಲ್ಲಿನದೇ ಬೇಕೆಂದರೆ ಕಳ್ಳಿನಂಗಡಿ. ತುಳುವಿನಲ್ಲಿ ಗಡಂಗ್ ಅನ್ನುತ್ತಾರೆ. ಕಳ್ಳು ಇಳಿಸುವ ಮೂರ್ತೆದಾರರ ಸಹಕಾರಿ ಸಂಘಗಳೇ ನಡೆಸುವ ಅಂಗಡಿಗಳೂ ಇವೆ. ಬೆಳಿಗ್ಗೆ ಇಳಿಸಿದ ಕಳ್ಳು ಸಿಹಿ, ಹೊತ್ತೇರಿದಂತೆ ಹುಳಿ, ಸಂಜೆಗೆ ತಲೆಗೆ ಹತ್ತುತ್ತದೆ. ಕುಡಿಯದವರೂ ಇದರ ರುಚಿ ನೋಡಬಹುದು. ಕೊಂಕಣಿ ಕ್ಯಾಥೊಲಿಕರು ಅಕ್ಕಿ ಹಿಟ್ಟಿನಿಂದ ಹಬೆಯಲ್ಲಿ ಬೇಯಿಸುವ ‘ಸಣ್ಣ’ ಎಂಬ ತಿಂಡಿ ಉಬ್ಬುತ್ತಿದ್ದುದು ಕಳ್ಳಿನಿಂದಲೇ. ಇಡ್ಲಿಗಿಂತ ಮೆತ್ತಗೆ, ತುಸು ಸಿಹಿ. ಹಂದಿ ಮಾಂಸದ ಸಾರಿಗೆ ಹೇಳಿ ಮಾಡಿಸಿದ ಜೋಡಿ. ಕುಡಿದವರು ಗಾಡಿ ಮುಟ್ಟಬೇಡಿ, ರಿಕ್ಷಾ ಸಿಗುತ್ತದೆ.

ಭಾನುವಾರ ಬೆಳಿಗ್ಗೆ ಕದ್ರಿ ದೇವಸ್ಥಾನ. ಮಂಜುನಾಥನಿಗೆ ಕೈಮುಗಿದು ಲೋಕೇಶ್ವರನ ಕಂಚಿನ ಮೂರ್ತಿ ಎಲ್ಲಿ ಅಂತ ಕೇಳಿ. ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮ 968ರಲ್ಲಿ ಮಾಡಿಸಿದ್ದೆಂದು ಪೀಠದ ಮೇಲಿನ ಶಾಸನ ಹೇಳುತ್ತದೆ. ಈ ಲೋಕೇಶ್ವರನೆಂದರೆ ಬೌದ್ಧರ ಅವಲೋಕಿತೇಶ್ವರ, ಶಿವನ ಗುಡಿಯಲ್ಲಿ ಸಾವಿರ ವರ್ಷದಿಂದ ಕೂತಿದ್ದಾನೆ. ನಿಧಾನವಾಗಿ ನೋಡಿ, ಹಿಂದಿನ ಗುಡ್ಡದಲ್ಲಿ ಜೋಗಿ ಮಠವೂ ಇದೆ.

ಮಧ್ಯಾಹ್ನ ಕೋರಿ ರೊಟ್ಟಿ. ತೆಳುವಾದ ಗರಿಗರಿ ಅಕ್ಕಿ ರೊಟ್ಟಿ ಮುರಿದು ಹಾಕಿ, ಮೇಲೆ ಕೋಳಿ ಗಸಿ ಸುರಿಯುತ್ತಾರೆ. ಅರ್ಧ ನೆನೆದು ಅರ್ಧ ಗರಿಗರಿ ಇರುವಾಗಲೇ ತಿನ್ನಬೇಕು, ಮಾತಿಗೆ ಕೂತರೆ ಗಂಜಿಯಾಗುತ್ತದೆ. ಹೊರಡುವಾಗ ಒಂದು ಪ್ಯಾಕೆಟ್ ಒಣ ರೊಟ್ಟಿ ಕೊಂಡುಕೊಳ್ಳಿ. ಬ್ಯಾಗಿನೊಳಗೆ ತುರುಕಬೇಡಿ, ಕೈಯಲ್ಲೇ ಹಿಡಿದು ರೈಲು ಹತ್ತಿ.

ನಮಸ್ಕಾರ.