ಡಬ್ಬದ ಮೇಲೆ ಚಿಪ್ ನಂಬರ್ ಹಾಕೋಕೆ ಏನ್ರಪ್ಪಾ ಕಷ್ಟ?

ನಮಸ್ಕಾರ. ಇವತ್ತು ಸ್ವಲ್ಪ ಗೊಣಗ್ತೀನಿ, ಸಹಿಸ್ಕೊಳ್ಳಿ.

ವಿಂಡೋಸ್ ಬದಲು ಲಿನಕ್ಸ್ ಹಾಕಿರೋ ನನ್ನ ಹಳೇ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಕೆಟ್ಟೋಯ್ತು. ಗೆಳೆಯನ ಹತ್ರ ವೈಫೈ ಹಿಡಿಯೋ ಒಂದು ಯುಎಸ್‌ಬಿ ಡಾಂಗಲ್ ಇದೆ. ಚುಚ್ಚಿದ್ರೆ ಸಾಕು, ನೆಟ್ ಬರುತ್ತೆ. ಅದೇ ಕಂಪನಿ, ಅದೇ ಮಾಡೆಲ್ ಬೇಕು ಅಂತ ಬೆಂಗಳೂರಿನ ಎಸ್.ಪಿ. ರೋಡೆಲ್ಲ ಸುತ್ತಿ ತಂದೆ. ಮನೆಗೆ ಬಂದು ಚುಚ್ಚಿದ್ರೆ ದೀಪಾನೂ ಉರೀಲಿಲ್ಲ.

ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (ಚುಚ್ಚಿರೋ ಯುಎಸ್‌ಬಿ ಸಾಮಾನು ಯಾವುದು ಅಂತ ತೋರಿಸೋ ಕಮಾಂಡ್) ಹೊಡೆದು ನೋಡಿದೆ. ಅವನ ಡಾಂಗಲ್ಲಿನಲ್ಲಿ ಅಥೆರಾಸ್ ಎಆರ್9271 ಚಿಪ್. ನನ್ನದರಲ್ಲಿ ಇನ್ಯಾರದೋ ಚಿಪ್. ಹೊರಗಿನ ಪ್ಲಾಸ್ಟಿಕ್ಕು, ಆಂಟೆನಾ, ಹೆಸರು ಎಲ್ಲಾ ಒಂದೇ. ವ್ಯತ್ಯಾಸ ಅಂದ್ರೆ ಡಬ್ಬದ ಹಿಂದೆ, ಬಾರ್‌ಕೋಡ್ ಪಕ್ಕ, ಎಳ್ಳುಕಾಳಿನಷ್ಟು ಅಕ್ಷರದಲ್ಲಿ 'ವರ್ಶನ್ 3' ಅಂತ. ಹೊಟ್ಟೆಯೊಳಗಿನ ಚಿಪ್ಪೇ ಬೇರೆ ಆದ್ಮೇಲೆ ಅದು ವರ್ಶನ್ ಹೇಗಾಗುತ್ತೆ? ಬೇರೆ ಸಾಮಾನು ಅದು!

'ಲಿನಕ್ಸ್ ಸಪೋರ್ಟ್ ಇದೆ' ಅಂತಾನೂ ಬರೆದಿದ್ರು. ಯಾವ ಲಿನಕ್ಸ್? ಕರ್ನಲ್ (ಲಿನಕ್ಸಿನ ತಿರುಳು) 2.6! 2003ರಲ್ಲಿ ಬಂದಿದ್ದು.

ಆಮೇಲೆ ಗಿಟ್‌ಹಬ್‌ನಲ್ಲಿ ಯಾರೋ ಪುಣ್ಯಾತ್ಮರು ಇಟ್ಟಿದ್ದ ಡ್ರೈವರ್, ಅಂದ್ರೆ ಚಿಪ್ಪನ್ನ ಓಡಿಸೋ ಸಾಫ್ಟ್‌ವೇರ್, ಇಳಿಸಿ ನನ್ನ ಕರ್ನಲ್‌ಗೆ ಕಂಪೈಲ್ ಮಾಡಿದೆ. ಓಡ್ತು. ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಮತ್ತೆ ಸತ್ತೋಯ್ತು. ಹೊಸ ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್ ಬರೋಕೆ ಡ್ರೈವರ್ ಬೇಕು. ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆದ ಹೊರತು ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಫೋನಿಂದ ಟೆದರಿಂಗ್ ಮಾಡ್ಕೊಂಡು ಬಚಾವಾದೆ.

ಇದು ಹೊಸ ಗೋಳಲ್ಲ. ಬ್ರಾಡ್‌ಕಾಮ್ ಅನ್ನೋ ಕಂಪನಿಯ ವೈಫೈ ಚಿಪ್‌ಗಳಿಗೆ ವರ್ಷಗಟ್ಟಲೆ ಯಾವ ದಾಖಲೆಯೂ ಸಿಗ್ತಿರಲಿಲ್ಲ. ಸ್ವಯಂಸೇವಕರ ಒಂದು ತಂಡ ಆ ಚಿಪ್ ಹೇಗೆ ಕೆಲಸ ಮಾಡುತ್ತೆ ಅಂತ ಕೆದಕಿ ಬರೆದಿಟ್ಟಿತು. ಇನ್ನೊಂದು ತಂಡ ಅದನ್ನು ಓದಿ ಬಿ43 ಡ್ರೈವರ್ ಬರೆಯಿತು. ಕಂಪನಿ ತಾನಾಗೇ ಡ್ರೈವರ್ ಸೋರ್ಸ್ (ಎಲ್ಲರೂ ಓದಿ ತಿದ್ದಬಹುದಾದ ಮೂಲ ಕೋಡ್) ಕೊಟ್ಟಿದ್ದು 2010ರಲ್ಲಿ.

ಸೋರ್ಸ್ ಕೊಡೋಕೆ ರೇಡಿಯೋ ಕಾನೂನು ಅಡ್ಡ ಬರುತ್ತೆ, ಜನ ಪವರ್ರು, ಫ್ರೀಕ್ವೆನ್ಸಿ ಬದಲಾಯಿಸಿಬಿಡ್ತಾರೆ ಅನ್ನೋ ವಾದ ಇದೆ. ಪೂರ್ತಿ ಸುಳ್ಳಲ್ಲ. ಆದ್ರೆ ಅದೇ ಎಆರ್9271ಕ್ಕೆ ಡ್ರೈವರ್ ಮಾತ್ರ ಅಲ್ಲ, ಚಿಪ್ ಒಳಗೆ ಓಡೋ ಫರ್ಮ್‌ವೇರ್ ಸೋರ್ಸನ್ನೂ 2013ರಲ್ಲಿ ಬಿಟ್ಟುಕೊಟ್ರು. ಆಕಾಶವೇನೂ ಕಳಚಿ ಬೀಳಲಿಲ್ಲ.

ನಾನು ಫರ್ಮ್‌ವೇರ್ ವಿಷಯದಲ್ಲಿ ಮಡಿವಂತ ಅಲ್ಲ. ಇಂಟೆಲ್ ಕಾರ್ಡುಗಳದ್ದೂ ಮುಚ್ಚಿದ ಫರ್ಮ್‌ವೇರೇ. ಮುಕ್ತ ಸಾಫ್ಟ್‌ವೇರ್ ಅಂತ ಹಠ ಹಿಡಿಯೋ ಲಿನಕ್ಸ್ ಬಳಗ, ಡೆಬಿಯನ್‌ನಂಥ ಡೆಬಿಯನ್ನೇ 2022ರಲ್ಲಿ ವೋಟು ಹಾಕಿ ಅಂಥವನ್ನ ಇನ್‌ಸ್ಟಾಲರ್ ಒಳಗೆ ಬಿಟ್ಕೊಳ್ತು. ಡ್ರೈವರ್ ಮಾತ್ರ ಕರ್ನಲ್ ಒಳಗೇ ಇರ್ಬೇಕು, ಅಷ್ಟೇ ನನ್ನ ಹಠ. ಮೀಡಿಯಾಟೆಕ್‌ನ ಎಂಟಿ7612ಯು, ಎಂಟಿ7921ಎಯು ಚಿಪ್‌ಗಳಿಗೆ ಹಾಗೆ ಇದೆ. ಆದ್ರೆ ಯಾವ ಡಬ್ಬದೊಳಗೆ ಆ ಚಿಪ್ ಇದೆ ಅಂತ ಹುಡುಕೋದೇ ಒಂದು ಪತ್ತೇದಾರಿ.

ಅದಕ್ಕೇ ಈಗ ಎಸ್.ಪಿ. ರೋಡಿಗೆ ಲ್ಯಾಪ್‌ಟಾಪ್ ಬಗಲಲ್ಲಿಟ್ಕೊಂಡೇ ಹೋಗ್ತೀನಿ. "ಅಣ್ಣಾ, ಒಂದ್ಸಲ ಚುಚ್ಚಿ ನೋಡ್ಲಾ?" ಅಂದ್ರೆ ಅಂಗಡಿಯವ್ರು ಮುಖ ಸಿಂಡರಿಸ್ತಾರೆ. "ಸರ್, ಸೀಲ್ ಒಡೆದ್ರೆ ತಗೋಬೇಕು. ವಿಂಡೋಸ್‌ಗಂತೂ ಪಕ್ಕಾ ಸರ್."