ಟಗರು ಕೊಳ್ಳುವ ಮೊದಲು ನಿಮ್ಮ ಹೆಣ್ಣು ಕುರಿ ನೋಡಿ

ಕೇಳುಗರಿಗೆ ನಮಸ್ಕಾರ. ಇವತ್ತು ಹ್ಯಾಂಪ್‌ಷೈರ್ ಕುರಿಗಳ ಬಗ್ಗೆ ಮಾತಾಡೋಣ. ಅದರಲ್ಲೂ ಆ ಹಿಂಡುಗಳಿಗೆ ಬಿತ್ತನೆ ಟಗರನ್ನು ಹೇಗೆ ಆರಿಸುತ್ತಾರೆ ಅನ್ನುವುದರ ಬಗ್ಗೆ. ಇದು ನಮ್ಮ ಕಡೆಯ ತಳಿ ಅಲ್ಲ, ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ಗುಡ್ಡಗಳ ಕುರಿ. ಕಪ್ಪು ಮುಖ, ಕಪ್ಪು ಕಾಲು, ನೆತ್ತಿಯ ಮೇಲೆ ಉಣ್ಣೆ, ಕೊಂಬಿಲ್ಲ. ಮಾಂಸಕ್ಕೆ ಹೆಸರಾದದ್ದು, ಮರಿಗಳು ಬೇಗ ಬೆಳೆಯುತ್ತವೆ. ಅಮೆರಿಕ, ನ್ಯೂಜಿಲೆಂಡಿನಲ್ಲೂ ಸಾಕುತ್ತಾರೆ. ನಮ್ಮ ಬಿಸಿಲಿಗೆ ಇದನ್ನು ತನ್ನಿ ಅಂತ ನಾನು ಹೇಳುವುದಿಲ್ಲ. ಆದರೆ ಬನ್ನೂರು ಕುರಿ ಸಾಕುವವರಿಗೂ ಅವರ ಲೆಕ್ಕಾಚಾರ ಉಪಯೋಗಕ್ಕೆ ಬರುತ್ತದೆ.

ಮೊದಲು ಆ ಲೆಕ್ಕವನ್ನೇ ಹಾಕೋಣ. ಒಂದು ಹೆಣ್ಣು ಕುರಿ ಸೂಲಿಗೆ ಒಂದೋ ಎರಡೋ ಮರಿ ಹಾಕುತ್ತದೆ. ಬೆಳೆದ ಟಗರು ಒಂದೇ ಹಂಗಾಮಿನಲ್ಲಿ ಸುಮಾರು 40 ಹೆಣ್ಣು ಕುರಿಗಳಿಗೆ ಸಾಕು, ಅಂದರೆ ಹುಟ್ಟುವ ಅಷ್ಟೂ ಮರಿಗಳಲ್ಲಿ ಅರ್ಧ ರಕ್ತ ಅದರದ್ದೇ. ಹೆಣ್ಣು ಮರಿಗಳನ್ನು ಹಿಂಡಿನಲ್ಲೇ ಉಳಿಸಿಕೊಂಡು ಬಂದರೆ ಲೆಕ್ಕ ಇನ್ನೂ ಮುಂದೆ ಹೋಗುತ್ತದೆ. ಮರಿಗೆ ಅಪ್ಪನಿಂದ ಅರ್ಧ, ತಾಯಿಯ ಅಪ್ಪನಿಂದ ಕಾಲು, ಅಜ್ಜಿಯ ಅಪ್ಪನಿಂದ ಅರೆಕಾಲು. ಕೂಡಿಸಿ ನೋಡಿ, ನೂರಕ್ಕೆ 87ಕ್ಕಿಂತ ಜಾಸ್ತಿ ಆಯಿತು. ಅಲ್ಲಿಗೆ ನೀವು ಕೊಂಡ ಕೊನೆಯ ಮೂರು ಟಗರುಗಳೇ ಇವತ್ತಿನ ನಿಮ್ಮ ಹಿಂಡು ಅಂದ ಹಾಗಾಯಿತು, ಅಲ್ವಾ?

ಈ ತಳಿ ಹುಟ್ಟಿದ್ದೂ ಟಗರಿನ ಆಯ್ಕೆಯಿಂದಲೇ. ಆ ಸೀಮೆಯ ಹಳೆಯ ಕುರಿಗಳು, ಅಂದರೆ ವಿಲ್ಟ್‌ಷೈರಿನ ಕೊಂಬಿನ ಕುರಿ ಮತ್ತು ಬರ್ಕ್‌ಷೈರಿನ ನಾಟ್ ಕುರಿ, ಉದ್ದ ಕಾಲಿನ, ದಪ್ಪ ಮೂಳೆಯ ಪ್ರಾಣಿಗಳು. ನಮ್ಮಲ್ಲಿ ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ನಿಲ್ಲಿಸುತ್ತಾರಲ್ಲ, ಅಲ್ಲಿನ ರೈತರೂ ಹಾಗೇ ತಟ್ಟಿ ಕಟ್ಟಿ ಹೊಲದಲ್ಲಿ ಕುರಿ ನಿಲ್ಲಿಸಿ ಗೋಧಿ, ಬಾರ್ಲಿ ಬೆಳೆಯುತ್ತಿದ್ದರು. ಆ ಕೆಲಸಕ್ಕೆ ಕುರಿ ಚೆನ್ನಾಗಿತ್ತು. ಮಾಂಸ ಮಾತ್ರ ಸಾಲದು. ಹಾಗಾಗಿ 19ನೇ ಶತಮಾನದ ಮೊದಲ ಅರ್ಧದಲ್ಲಿ ಅವುಗಳ ಮೇಲೆ ಸೌತ್‌ಡೌನ್ ಟಗರು ಬಿಟ್ಟರು. ಸೌತ್‌ಡೌನ್ ಗಿಡ್ಡ, ಮೈ ದುಂಡು, ತೊಡೆ ತುಂಬ ಮಾಂಸ. ಬರ್ಕ್‌ಷೈರಿನ ಓಕ್ ಆಶ್‌ನ ಹಂಫ್ರಿ ಅನ್ನುವ ಸಾಕಣೆದಾರರು ಬಾಬ್ರಹಾಮಿನ ಜೋನಾಸ್ ವೆಬ್ ಅವರಿಂದಲೇ ಇಂಥ ಟಗರು ತಂದರು. ಆ ಕಾಲಕ್ಕೆ ಸೌತ್‌ಡೌನ್ ಅಂದರೆ ವೆಬ್ ಅನ್ನುವಷ್ಟು ಹೆಸರು ಅವರದು. ಹಂಫ್ರಿಗೆ ತಮ್ಮ ಕುರಿಗಳಲ್ಲಿ ಏನು ಕಡಿಮೆ ಅಂತ ಗೊತ್ತಿತ್ತು, ಅದಕ್ಕೇ ಏನು ತರಬೇಕು ಅಂತಲೂ ಗೊತ್ತಾಯಿತು. ಮುಂದೆ 1889ರಲ್ಲಿ ಈ ತಳಿಗೆ ಅಲ್ಲಿ ಸಂಘವೂ ಆಯಿತು.

ನಾನು ಒತ್ತಿ ಹೇಳಬೇಕು ಅಂದುಕೊಂಡದ್ದೂ ಇದನ್ನೇ. ಹರಾಜಿಗೆ ಹೊರಡುವ ಮೊದಲು ನಿಮ್ಮ ಹೆಣ್ಣು ಕುರಿಗಳನ್ನು ಕೂಡಿಹಾಕಿ ಒಂದೊಂದನ್ನೇ ಮುಟ್ಟಿ ನೋಡಿ. ಬೆನ್ನು ಸಪೂರವೇ? ಮುಂಗಾಲಿನ ಗೊರಸಿನ ಮೇಲಿನ ಗಂಟು ಕುಸಿದಿದೆಯೇ? ಹಾಲು ಸಾಲದೆ ಮರಿಗಳು ಸೊರಗುತ್ತಿವೆಯೇ? ಎರಡು ಅಥವಾ ಮೂರು ಕೊರತೆ ಬರೆದಿಟ್ಟುಕೊಳ್ಳಿ, ಸಾಕು. ಹತ್ತು ಬರೆದುಕೊಂಡರೆ ಹತ್ತನ್ನೂ ತುಂಬುವ ಟಗರು ಈ ಭೂಮಿಯ ಮೇಲೆ ಸಿಗುವುದಿಲ್ಲ, ಸಿಕ್ಕರೂ ಅದರ ಬೆಲೆ ನಮಗೆ ಎಟುಕುವುದಿಲ್ಲ.

ಹರಾಜಿನ ಅಂಗಳದಲ್ಲಿ ಕಣ್ಣಿಗೆ ಮೊದಲು ಬೀಳುವುದು ಗಾತ್ರ. ತೊಳೆದು, ಉಣ್ಣೆ ಕತ್ತರಿಸಿ, ಕಾಳು ತಿನ್ನಿಸಿ ಕೊಬ್ಬಿಸಿ ನಿಲ್ಲಿಸಿರುತ್ತಾರೆ. ಬೆನ್ನ ಮೇಲೆ ಕೈ ಒತ್ತಿದರೆ ಸಿಗುವುದು ಮಾಂಸವೋ ಕೊಬ್ಬೋ ಅಂತ ತಿಳಿಯಬೇಕು. ಕಾಳಿನ ಮೇಲೆ ಬೆಳೆದ ಟಗರನ್ನು ನೇರವಾಗಿ ಬರೀ ಹುಲ್ಲಿಗೆ ಬಿಟ್ಟರೆ ಎರಡೇ ವಾರದಲ್ಲಿ ಮೈ ಇಳಿಯುತ್ತದೆ, ಕೆಲಸ ಮಾಡುವ ಹೊತ್ತಿಗೆ ಸುಸ್ತು.

ಎತ್ತರದ ಹುಚ್ಚಿಗೆ ಒಂದು ಕೆಟ್ಟ ಕಥೆಯೂ ಅಂಟಿಕೊಂಡಿದೆ. ಅಮೆರಿಕದ ಪ್ರದರ್ಶನಗಳಲ್ಲಿ ಉದ್ದ ಕಾಲಿನ ಕುರಿಗೇ ಬಹುಮಾನ ಕೊಡುತ್ತಿದ್ದ ಕಾಲ ಅದು. ಆಗ ಸಫೊಕ್ ಮತ್ತು ಹ್ಯಾಂಪ್‌ಷೈರ್ ಹಿಂಡುಗಳಲ್ಲಿ ಕಾಲು ಸೊಟ್ಟ, ಬೆನ್ನು ಡೊಂಕಾದ ಮರಿಗಳು ಹುಟ್ಟತೊಡಗಿದವು. ಜೇಡದ ಕಾಲಿನ ಹಾಗಿದ್ದವು ಅಂತ ಅದಕ್ಕೆ ಸ್ಪೈಡರ್ ರೋಗ ಅಂದರು. ಒಂದು ಜೀನಿನ ದೋಷ ಅದು. ಆ ಕೆಟ್ಟ ಜೀನಿನ ಒಂದೇ ಪ್ರತಿ ಇದ್ದರೆ ಕುರಿ ಚೆನ್ನಾಗಿಯೇ ಕಾಣುತ್ತದೆ, ಎತ್ತರವಾಗಿಯೂ ಇರಬಹುದು. ಅಂಥ ಎರಡು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ರೋಗ ಬರುವ ಸಾಧ್ಯತೆ. ಬಹುಮಾನದ ಟಗರೊಂದರಲ್ಲಿ ಇದು ಅಡಗಿದ್ದರೆ ಅದರ ಮಕ್ಕಳು ಮೊಮ್ಮಕ್ಕಳ ಮೂಲಕ ಎಷ್ಟು ಹಿಂಡಿಗೆ ಹರಡಿರುತ್ತದೆ ಯೋಚಿಸಿ. ಈಗ ಡಿಎನ್‌ಎ ಪರೀಕ್ಷೆ ಇದೆ. ಫಲಿತಾಂಶದಲ್ಲಿ ಎನ್‌ಎನ್ ಅಂತ ಇದ್ದರೆ ಟಗರು ಶುದ್ಧ, ಎನ್‌ಎಸ್ ಇದ್ದರೆ ಬೇಡ. ಸ್ಕ್ರೇಪಿ ಅನ್ನುವ ಮೆದುಳಿನ ರೋಗಕ್ಕೂ ಹೀಗೇ ಪರೀಕ್ಷೆ ಇದೆ, ಅಲ್ಲಿ ಆರ್‌ಆರ್, ಅಂದರೆ ರೋಗ ತಡೆಯುವ ಜೀನಿನ ಎರಡು ಪ್ರತಿ ಇರುವ ಟಗರು ಕೇಳಿ. ಕೊಡುವವರು ಕಾಗದ ತೋರಿಸಲು ಹಿಂಜರಿದರೆ ಮುಂದಿನ ಮನೆ ನೋಡುವುದೇ ವಾಸಿ.

ಇನ್ನು ಕೈಯಿಂದ ನೋಡುವ ಕೆಲಸ. ಬಾಯಿ ತೆರೆಸಿ, ಕೆಳಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂರಬೇಕು. ನಡೆಸಿ ನೋಡಿ. ಹಿಂಗಾಲು ಸೊಟ್ಟ ಇರುವ ಟಗರು ಹಾರಲಾರದು. ಉಣ್ಣೆ ಕಣ್ಣು ಮುಚ್ಚುವಷ್ಟು ಬೆಳೆದಿರಬಾರದು, ಕಣ್ಣು ಕಾಣದ ಕುರಿ ಮೇಯುವುದೂ ಕಡಿಮೆ. ತಲೆ, ಭುಜ ತೀರಾ ದಪ್ಪ ಇದ್ದರೂ ಎಚ್ಚರ. ಗಂಡಸ್ತನ ಅಂತ ಮೆಚ್ಚುವವರು ಬಹಳ ಮಂದಿ, ಆದರೆ ಮರಿ ಹಾಕುವಾಗ ತಿಣುಕುವುದು ಹೆಣ್ಣು ಕುರಿ, ರಾತ್ರಿ ಎದ್ದು ಕೈ ಹಾಕಬೇಕಾದವರು ನೀವು.

ಬೀಜ ನೋಡಲು ನಾಚಿಕೆ ಪಡಬೇಡಿ. ಎರಡೂ ಸಮವಾಗಿ, ಗಟ್ಟಿಯಾಗಿ, ಚೀಲದೊಳಗೆ ಸಲೀಸಾಗಿ ಜಾರುವಂತಿರಬೇಕು, ಕೆಳಗಿನ ತುದಿಯಲ್ಲಿ ಗಂಟು ಇರಬಾರದು. ಚೀಲದ ಸುತ್ತಳತೆ 14 ತಿಂಗಳು ದಾಟಿದ ಟಗರಿಗೆ 33 ಸೆಂಟಿಮೀಟರ್, ಅದಕ್ಕಿಂತ ಎಳೆಯದಕ್ಕೆ 30, ಇದಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ವೀರ್ಯ ತಯಾರಾಗಲು ಸುಮಾರು ಏಳು ವಾರ ಬೇಕು. ಹಾಗಾಗಿ ಇವತ್ತು ಜ್ವರ ಬಂದ, ಬಿಸಿಲಿನಲ್ಲಿ ಬೆಂದ ಟಗರು ತಿಂಗಳ ಮೇಲೂ ಕೈಕೊಡಬಹುದು.

ಅಂಕಿಸಂಖ್ಯೆಗೆ ಬರೋಣ. ಇಂಗ್ಲೆಂಡಿನಲ್ಲಿ ಸಿಗ್ನೆಟ್, ಅಮೆರಿಕದಲ್ಲಿ ಎನ್‌ಎಸ್‌ಐಪಿ ಅಂತ ವ್ಯವಸ್ಥೆಗಳಿವೆ. ಟಗರಿನ ತೂಕದ ಜೊತೆಗೆ ಅದರ ಅಪ್ಪ, ಅಮ್ಮ, ಒಡಹುಟ್ಟು, ಮಕ್ಕಳು ಹೇಗೆ ಬೆಳೆದರು ಅನ್ನುವುದನ್ನೆಲ್ಲ ಸೇರಿಸಿ, ಇದರ ತಳಿಗುಣ ಎಷ್ಟು ಅಂತ ಅಂದಾಜು ಕೊಡುತ್ತಾರೆ. ನನ್ನ ಮಾತು ಕೇಳುವುದಾದರೆ ಬೆನ್ನಿನ ಮಾಂಸದ ದಪ್ಪ ಮತ್ತು ಬೆಳವಣಿಗೆಯ ಅಂಕಿ ಮೊದಲು ನೋಡಿ. ಇವು ಮಕ್ಕಳಿಗೆ ಚೆನ್ನಾಗಿ ಇಳಿಯುತ್ತವೆ. ಅವಳಿ ಹುಟ್ಟುವ ಗುಣ ಇಳಿಯುವುದು ನಿಧಾನ, ಅದು ಮೇವಿನ ಮೇಲೂ ನಿಂತಿದೆ. ಹಾಗಂತ ಅವಳಿಯಾಗಿ ಹುಟ್ಟಿದ ಟಗರನ್ನು ಸುಮ್ನೆ ತಳ್ಳಿಹಾಕಬೇಡಿ, ಎರಡು ಮರಿ ಸಾಕಿದ ತಾಯಿಯ ಹಾಲನ್ನೂ ಅದು ಹೇಳುತ್ತದೆ.

ತಂದ ಮೇಲೆ ಕೆಲವು ವಾರ ಬೇರೆ ಕಟ್ಟಿ, ಜಂತುಹುಳದ ಔಷಧಿ ಕುಡಿಸಿ, ಹುಲ್ಲಿಗೆ ಹೊಂದಿಸಿ. ಹಿಂಡಿಗೆ ಬಿಡುವಾಗ ಎದೆಗೆ ಬಣ್ಣ ಹಚ್ಚುವುದು ಅಲ್ಲಿನ ವಾಡಿಕೆ, ಹಾರಿದ ಕುರಿಯ ಬೆನ್ನಿಗೆ ಬಣ್ಣ ಮೆತ್ತುತ್ತದೆ. ಹೆಣ್ಣು ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುವುದರಿಂದ ಅಷ್ಟು ದಿನವಾದ ಮೇಲೆ ಬಣ್ಣ ಬದಲಿಸಿ. ಹೆಚ್ಚಿನ ಕುರಿಗಳ ಮೇಲೆ ಎರಡನೇ ಬಣ್ಣವೂ ಕಂಡರೆ ಗರ್ಭ ನಿಂತಿಲ್ಲ ಅಂತಲೇ ತಿಳಿಯಿರಿ. ಮೂರನೇ ಸುತ್ತಿಗೆ ಕಾಯಬೇಡಿ. ಅವತ್ತೇ ಆ ಟಗರನ್ನು ಹೊರಗೆ ತೆಗೆದು ಇನ್ನೊಂದನ್ನು ಬಿಡಿ, ಪಶುವೈದ್ಯರಿಗೆ ಹೇಳಿಕಳಿಸಿ.